ವಾಸನೆಯ ಜಾಡು

ಬೆಟ್ಟದ ಮೇಲೆ ಹೊಗೆ ಕಾಣಿಸಿದರೆ ಅಲ್ಲಿ ಬೆಂಕಿ ಇರಬೇಕೆಂದು ತಿಳಿಯುವುದು ಅನುಮಾನ ಪ್ರಮಾಣಕ್ಕೆ ನಮ್ಮ ತರ್ಕಶಾಸ್ತ್ರಜ್ಞರು ಕೊಡುವ ಪ್ರಸಿದ್ಧ ಉದಾಹರಣೆ. ಗೋಚರವಾದ ಒಂದು ಗುರುತಿನಿಂದ ಗೋಚರವಲ್ಲದ ಕಾರಣವನ್ನು ಅರಿಯುವ ಈ ಕ್ರಮವು ಶಾಸ್ತ್ರಗ್ರಂಥಗಳಿಗೆ ಮಾತ್ರ ಮೀಸಲಾದುದಲ್ಲ. ನಾಡಿಯನ್ನು ಹಿಡಿದು ರೋಗವನ್ನು ಹೇಳುವ ವೈದ್ಯನೂ, ಹೆಜ್ಜೆಯ ಗುರುತನ್ನು ನೋಡಿ ಕಳೆದುಹೋದ ದನವನ್ನು ಹುಡುಕುವ ಗೋವಳನೂ, ಸದ್ದನ್ನು ಕೇಳಿ ಯಂತ್ರದ ದೋಷವನ್ನು ತಿಳಿಯುವ ಮೆಕ್ಯಾನಿಕನೂ ಇದೇ ಕ್ರಮವನ್ನು ಅನುಸರಿಸುತ್ತಾರೆ. ಹಳೆಯ ಮೋಟಾರು ವಾಹನವೊಂದರಲ್ಲಿ ಪೆಟ್ರೋಲಿನ ವಾಸನೆ ಬರತೊಡಗಿದಾಗ ಅದರ ಮೂಲವನ್ನು ಕಂಡುಹಿಡಿಯುವುದೂ ಇಂಥದೇ ಕೆಲಸ. ಆದರೆ ಇಲ್ಲಿ ಒಂದು ವ್ಯತ್ಯಾಸವುಂಟು. ಬೆಟ್ಟದ ಹೊಗೆಯು ಹೊತ್ತಿದ ಬೆಂಕಿಯ ಗುರುತು. ಪೆಟ್ರೋಲಿನ ವಾಸನೆಯು ಇನ್ನೂ ಹೊತ್ತದಿರುವ ಬೆಂಕಿಯ ಗುರುತು. ಆದುದರಿಂದ ಇಲ್ಲಿ ತಡಮಾಡುವಂತಿಲ್ಲ.

ಮೊದಲು ಪೆಟ್ರೋಲಿನ ಸ್ವಭಾವವನ್ನು ತಿಳಿಯೋಣ. ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರಿಂದ ಏಳುವ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಕೊರೆಯುವ ಚಳಿಯಲ್ಲಿಯೂ ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡಬಲ್ಲದು. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಆದಕಾರಣ ಅದು ಮೇಲೇರಿ ಚದುರಿಹೋಗದೆ ನೆಲವನ್ನೇ ಹಿಡಿದು ಹರಿಯುತ್ತದೆ; ತಗ್ಗುಗಳಲ್ಲಿಯೂ ಮುಚ್ಚಿದ ಕೊಟ್ಟಿಗೆಗಳಲ್ಲಿಯೂ ನಿಲ್ಲುತ್ತದೆ. ಗಾಳಿಯ ನೂರು ಪಾಲಿನಲ್ಲಿ ಒಂದೂವರೆಯಿಂದ ಏಳೂವರೆ ಪಾಲಿನಷ್ಟು ಆವಿ ಬೆರೆತಾಗ ಆ ಮಿಶ್ರಣವು ಹೊತ್ತಿಕೊಳ್ಳುತ್ತದೆ. ಅದಕ್ಕೆ ದೊಡ್ಡ ಜ್ವಾಲೆಯೇನೂ ಬೇಕಿಲ್ಲ. ಒಂದು ಬೀಡಿಯ ತುದಿ, ಸಡಿಲವಾದ ತಂತಿಯ ಕಿಡಿ, ದೀಪದ ಸ್ವಿಚ್ಚು, ಇವಿಷ್ಟೇ ಸಾಕು.

ಇಂಥ ಶತ್ರುವಿನ ಸುಳಿವನ್ನು ಮುಂಚಿತವಾಗಿ ಕೊಡುವ ಕಾವಲುಗಾರನನ್ನು ಪ್ರಕೃತಿಯು ನಮ್ಮ ಮುಖದಲ್ಲಿಯೇ ಇರಿಸಿದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಪೆಟ್ರೋಲಿನ ಆವಿ ಇದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಅಡುಗೆ ಅನಿಲಕ್ಕೆ ಸ್ವತಃ ಹೇಳಿಕೊಳ್ಳುವಂಥ ವಾಸನೆಯಿಲ್ಲವೆಂದು ಅದಕ್ಕೆ ದುರ್ಗಂಧದ ವಸ್ತುವೊಂದನ್ನು ಬೇಕೆಂದೇ ಬೆರೆಸುತ್ತಾರೆ. ಪೆಟ್ರೋಲಿಗೆ ಅದರ ಅವಶ್ಯಕತೆಯಿಲ್ಲ. ಆದರೆ ಈ ಕಾವಲುಗಾರನಿಗೂ ಒಂದು ದೌರ್ಬಲ್ಯವಿದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕಳೆದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ವಾಸನೆ ಇದ್ದರೂ ಇಲ್ಲವೆಂದೇ ತೋರುತ್ತದೆ. ದಿನವೂ ಅದೇ ವಾಹನವನ್ನು ನಡೆಸುವವನಿಗಿಂತ ಎಂದೋ ಒಮ್ಮೆ ಹತ್ತಿ ಕುಳಿತ ನೆಂಟನು "ಇದೇನು, ಪೆಟ್ರೋಲು ನಾರುತ್ತಿದೆಯಲ್ಲ?" ಎಂದು ಬೇಗನೆ ಕೇಳುವುದು ಇದೇ ಕಾರಣದಿಂದ. ಅವನ ಮಾತನ್ನು ತಳ್ಳಿಹಾಕಬಾರದು.

ನಮ್ಮ ನಾಡಿನ ರಸ್ತೆಗಳಲ್ಲಿ ಓಡಾಡುವ ಲಾರಿಗಳಲ್ಲಿ ಹೆಚ್ಚಿನವು ಡೀಸೆಲ್ಲಿನಿಂದ ನಡೆಯುತ್ತವೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೈತರೂ ಬಡಗಿಗಳೂ ಬಳಸುವ, ಹಿಂದುಗಡೆ ತೆರೆದ ತೊಟ್ಟಿಯಿರುವ ಪಿಕಪ್ ಟ್ರಕ್ಕುಗಳು ಬಹುಮಟ್ಟಿಗೆ ಪೆಟ್ರೋಲಿನವೇ. ಪೆಟ್ರೋಲನ್ನು ಅಲ್ಲಿನವರು ಗ್ಯಾಸೋಲಿನ್ ಎಂದು ಕರೆಯುತ್ತಾರೆ. ಐವತ್ತು ವರ್ಷ ದಾಟಿದ ಟ್ರಕ್ಕುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರು ಆ ದೇಶದಲ್ಲಿ ಅನೇಕರಿದ್ದಾರೆ. ಅವುಗಳಲ್ಲಿ 1967ರಿಂದ 1972ರವರೆಗೆ ತಯಾರಾದ ಷೆವ್ರೊಲೆ ಸಿ-10 ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಪೆಟ್ರೋಲು ಟ್ಯಾಂಕು ಇರುವ ಸ್ಥಳವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಸುಮಾರು 75 ಲೀಟರು ಹಿಡಿಯುವ ಆ ಟ್ಯಾಂಕು ಚಾಲಕನ ಕೋಣೆಯ ಒಳಗೆ, ಆಸನದ ಬೆನ್ನಿಗೇ ತಾಗಿಕೊಂಡಂತೆ ನಿಂತಿದೆ! ಅದೇ ಕಾಲದ ಫೋರ್ಡ್ ಟ್ರಕ್ಕುಗಳಲ್ಲಿಯೂ ಇದೇ ವ್ಯವಸ್ಥೆಯಿತ್ತು. 1973ರ ಮಾದರಿಯಿಂದ ಷೆವ್ರೊಲೆ ಟ್ರಕ್ಕುಗಳ ಟ್ಯಾಂಕನ್ನು ಚಾಲಕನ ಕೋಣೆಯಿಂದ ಹೊರಕ್ಕೆ ಸಾಗಿಸಿದರು.

ಇಂಥ ಟ್ರಕ್ಕಿನಲ್ಲಿ ಪೆಟ್ರೋಲು ಸಾಗುವ ಹಾದಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಇಂಧನ ತುಂಬುವ ಬಾಯಿ ಕೋಣೆಯ ಹೊರಮೈಯಲ್ಲಿದೆ. ಅಲ್ಲಿಂದ ದಪ್ಪನೆಯ ರಬ್ಬರು ಕೊಳವೆಯೊಂದು ಟ್ಯಾಂಕಿಗೆ ಸೇರುತ್ತದೆ. ಟ್ಯಾಂಕಿನ ಮೇಲ್ಭಾಗದಲ್ಲಿ ಇಂಧನದ ಮಟ್ಟವನ್ನು ತಿಳಿಸುವ ಉಪಕರಣವನ್ನು ರಬ್ಬರಿನ ಗ್ಯಾಸ್ಕೆಟಿನೊಡನೆ ಕೂರಿಸಿರುತ್ತಾರೆ. ಟ್ಯಾಂಕಿನಿಂದ ಹೊರಟ ಲೋಹದ ನಳಿಕೆಯು ನೆಲಹಾಸಿನ ಕೆಳಗಿಳಿದು, ವಾಹನದ ಚೌಕಟ್ಟಿನ ಉದ್ದಕ್ಕೂ ಮುಂದೆ ಸಾಗಿ, ಎಂಜಿನ್ನಿನ ಬದಿಯಲ್ಲಿರುವ ಪಂಪನ್ನು ಮುಟ್ಟುತ್ತದೆ. ಪಂಪು ಅದನ್ನು ಕಾರ್ಬ್ಯುರೇಟರಿಗೆ ಎತ್ತಿ ಕೊಡುತ್ತದೆ. ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ಒಂದು ತೇಲುಬುರುಡೆಯಿದೆ. ಬಟ್ಟಲು ತುಂಬಿದೊಡನೆ ಅದು ಮೇಲೆದ್ದು ಸೂಜಿಯಂಥ ಕವಾಟವನ್ನು ಮುಚ್ಚುತ್ತದೆ. ಈ ಹಾದಿಯಲ್ಲಿ ಎಲ್ಲೆಲ್ಲಿ ಬೆಸುಗೆಯೋ ಜೋಡಣೆಯೋ ರಬ್ಬರೋ ಇದೆಯೋ ಅಲ್ಲೆಲ್ಲ ಸೋರಿಕೆಗೆ ಅವಕಾಶವಿದೆ.

ಹಾಗಾದರೆ ಹುಡುಕುವುದು ಎಲ್ಲಿಂದ? ಜಾಣನಾದ ವೈದ್ಯನು ರೋಗಿಯನ್ನು ಮುಟ್ಟುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತಾನೆ. ಇಲ್ಲಿಯೂ ಮೊದಲ ಪ್ರಶ್ನೆ "ಎಲ್ಲಿ?" ಎಂಬುದಲ್ಲ, "ಯಾವಾಗ?" ಎಂಬುದು. ಟ್ಯಾಂಕನ್ನು ತುಂಬಿಸಿದ ದಿನ ಮಾತ್ರ ವಾಸನೆ ಬಂದರೆ ದೋಷವು ಟ್ಯಾಂಕಿನ ಮೇಲ್ಭಾಗದಲ್ಲಿರಬೇಕು. ಮುಚ್ಚಳ, ತುಂಬುವ ಕೊಳವೆ, ಮೇಲಿನ ಗ್ಯಾಸ್ಕೆಟು ಇವು ಸಂಶಯಕ್ಕೆ ಪಾತ್ರವಾಗುತ್ತವೆ. ತಿರುವಿನಲ್ಲಿ ಅಥವಾ ಬ್ರೇಕು ಹಾಕಿದಾಗ ಬಂದರೂ ಬಹುಶಃ ಇದೇ ಕಾರಣ, ಏಕೆಂದರೆ ಆಗ ಪೆಟ್ರೋಲು ತುಳುಕಿ ಮೇಲಕ್ಕೆ ಏರುತ್ತದೆ. ದೂರ ಓಡಿ ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬಂದರೆ ಕಾರ್ಬ್ಯುರೇಟರಿನ ಕಡೆ ನೋಡಬೇಕು. ನಿಂತ ಎಂಜಿನ್ನಿನ ಕಾವು ಮೇಲೇರಿ ಬಟ್ಟಲಿನ ಪೆಟ್ರೋಲನ್ನು ಕುದಿಸುತ್ತದೆ. ಇಂಥ ತುಸು ವಾಸನೆ ಹಳೆಯ ಎಂಜಿನ್ನುಗಳಿಗೆ ಸಹಜ; ಆದರೆ ಕಾರ್ಬ್ಯುರೇಟರಿನ ಹೊರಮೈ ಒದ್ದೆಯಾಗಿದ್ದರೆ ಸೂಜಿಕವಾಟವು ಸರಿಯಾಗಿ ಮುಚ್ಚುತ್ತಿಲ್ಲವೆಂದೋ ಗ್ಯಾಸ್ಕೆಟು ಹಾಳಾಗಿದೆಯೆಂದೋ ಅರ್ಥ. ಎಂಜಿನ್ನು ನಡೆಯುವಾಗ ಮಾತ್ರ ವಾಸನೆ ಬಂದರೆ ಪಂಪಿನಿಂದ ಮುಂದಿನ, ಒತ್ತಡವಿರುವ ಭಾಗವನ್ನು ಪರೀಕ್ಷಿಸಬೇಕು. ರಾತ್ರಿಯೆಲ್ಲ ನಿಂತಿದ್ದ ವಾಹನದ ಕೆಳಗೆ ಬೆಳಿಗ್ಗೆ ವಾಸನೆಯಿದ್ದರೆ ಟ್ಯಾಂಕಿನಲ್ಲಿಯೋ ಕೆಳಗಿನ ನಳಿಕೆಯಲ್ಲಿಯೋ ಸಣ್ಣಗೆ ಜಿನುಗುತ್ತಿದೆಯೆಂದು ಊಹಿಸಬಹುದು.

ಪ್ರಶ್ನೆಗಳು ಮುಗಿದ ಮೇಲೆ ಕಣ್ಣಿನ ಸರದಿ. ವಾಹನವು ಬಯಲಿನಲ್ಲಿರಬೇಕು, ಎಂಜಿನ್ನು ಪೂರ್ತಿಯಾಗಿ ತಣ್ಣಗಾಗಿರಬೇಕು. ಬಾಗಿಲುಗಳನ್ನೂ ಬಾನೆಟ್ಟನ್ನೂ ತೆರೆದು ಆವಿಯು ಚದುರಿದ ಮೇಲೆಯೇ ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು, ಏಕೆಂದರೆ ಬಿಚ್ಚುವಾಗಲೂ ಕಿಡಿ ಹಾರಬಹುದು. ದೂರದಲ್ಲಿಯೇ ಹೊತ್ತಿಸಿಕೊಂಡು ಬಂದ ಟಾರ್ಚಿನ ಹೊರತು ಬೇರೆ ಬೆಳಕು ಬೇಡ. ಒಣಪುಡಿಯ ಅಗ್ನಿಶಾಮಕವು ಕೈಗೆಟಕುವಂತಿರಬೇಕು. ಸೋರಿದ ಪೆಟ್ರೋಲು ಬೇಗನೆ ಆರಿಹೋಗುವುದರಿಂದ ಹನಿಯೇ ಕಾಣಬೇಕೆಂದಿಲ್ಲ. ಎಣ್ಣೆ ಮತ್ತು ಧೂಳು ಮೆತ್ತಿದ ಭಾಗದಲ್ಲಿ ತೊಳೆದಂತೆ ಸ್ವಚ್ಛವಾದ ಒಂದು ಗೆರೆ, ಅಥವಾ ಅರಗಿನಂತೆ ಕಂದುಬಣ್ಣಕ್ಕೆ ತಿರುಗಿದ ಕಲೆ ಕಂಡರೆ ಅದು ಪೆಟ್ರೋಲು ಹರಿದ ಜಾಡು. ಹನಿ ಬಿದ್ದ ಸ್ಥಳವೇ ಸೋರಿಕೆಯ ಸ್ಥಳವೆಂದು ನಂಬಬಾರದು. ಓಡುವ ವಾಹನದ ಕೆಳಗೆ ಗಾಳಿಯು ಹನಿಯನ್ನು ಹಿಂದಕ್ಕೆ ತಳ್ಳುತ್ತದೆ. ನಳಿಕೆಯ ಗುಂಟ ಅದು ಕೆಳಕ್ಕೆ ಜಾರುತ್ತದೆ. ಆದುದರಿಂದ ಕಲೆಯ ಕೊನೆಯಿಂದ ಮೇಲಕ್ಕೆ ಮತ್ತು ಮುಂದಕ್ಕೆ ಹುಡುಕುತ್ತ ಹೋಗಬೇಕು.

ಪಂಪಿನ ವಿಷಯದಲ್ಲಿ ವಿಶೇಷವಾದ ಎಚ್ಚರ ಅಗತ್ಯ. ಅದರೊಳಗಿನ ತೆಳುಪೊರೆ ಹರಿದರೆ ಪೆಟ್ರೋಲು ಹೊರಗಿನ ಸಣ್ಣ ರಂಧ್ರದಿಂದ ತೊಟ್ಟಿಕ್ಕಬಹುದು. ಇಲ್ಲವೆ ಹೊರಗೆ ಒಂದು ಹನಿಯನ್ನೂ ತೋರಿಸದೆ ಎಂಜಿನ್ನಿನೊಳಕ್ಕೆ ಇಳಿದು ಅಲ್ಲಿನ ಎಣ್ಣೆಯಲ್ಲಿ ಬೆರೆಯಬಹುದು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆಯ ಮಟ್ಟ ತಾನಾಗಿಯೇ ಏರಿದ್ದರೆ, ಅದು ತೆಳುವಾಗಿ ಪೆಟ್ರೋಲಿನ ವಾಸನೆ ಬಂದರೆ, ಎಂಜಿನ್ನನ್ನು ನಡೆಸಲೇಬಾರದು. ನೀರಾದ ಎಣ್ಣೆಯು ಉಜ್ಜುವ ಭಾಗಗಳನ್ನು ರಕ್ಷಿಸಲಾರದು.

ಮೇಲಿನ ಕ್ರಮವನ್ನು ಒಂದು ಕಲ್ಪಿತ ಸಂದರ್ಭಕ್ಕೆ ಅನ್ವಯಿಸೋಣ. 1970ರ ಟ್ರಕ್ಕೊಂದರ ಒಡೆಯನಿಗೆ ಕೋಣೆಯೊಳಗೆ ಪೆಟ್ರೋಲಿನ ವಾಸನೆ ಬರುತ್ತಿದೆ. ಕಂಡವರೆಲ್ಲ ಕಾರ್ಬ್ಯುರೇಟರನ್ನು ಬದಲಾಯಿಸೆಂದು ಹೇಳುತ್ತಾರೆ. ಆದರೆ ಅವನು ದುಡುಕದೆ ಕೆಲವು ದಿನ ಗಮನಿಸಿ ಬರೆದಿಡುತ್ತಾನೆ. ಎಂಜಿನ್ನು ತಣ್ಣಗಿರುವಾಗಲೂ ವಾಸನೆ ಇದೆ. ಟ್ಯಾಂಕು ತುಂಬಿಸಿದ ದಿನ ಹೆಚ್ಚು. ನೂರೈವತ್ತು ಕಿಲೋಮೀಟರು ಓಡಿದ ಮೇಲೆ ಇಲ್ಲ. ಮುಂದಿನ ಸಲ ಅವನು ಅರ್ಧ ಟ್ಯಾಂಕು ಮಾತ್ರ ತುಂಬಿಸುತ್ತಾನೆ, ವಾಸನೆ ಬರುವುದಿಲ್ಲ. ದೋಷವು ಕಾರ್ಬ್ಯುರೇಟರಿನದಾಗಿದ್ದರೆ ಟ್ಯಾಂಕಿನಲ್ಲಿ ಎಷ್ಟಿದೆಯೆಂಬುದರಿಂದ ವಾಸನೆ ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಆದುದರಿಂದ ದೋಷವು ಟ್ಯಾಂಕಿನ ಮೇಲಿನ ಅರ್ಧದಲ್ಲಿದೆ. ಮುಚ್ಚಳವು ಹೊರಗಿದೆ, ವಾಸನೆಯು ಒಳಗಿದೆ. ಹೀಗಾಗಿ ಮುಚ್ಚಳದ ಮೇಲಿನ ಸಂಶಯವೂ ಕಡಿಮೆಯಾಯಿತು. ಆಸನವನ್ನು ತೆಗೆದು ಗ್ಯಾಸ್ಕೆಟಿನ ಸುತ್ತ ಒಣಬಟ್ಟೆಯನ್ನು ಒತ್ತಿ ನೋಡಿದರೆ ಬಟ್ಟೆ ಒಣಗಿಯೇ ಇದೆ. ತುಂಬುವ ಕೊಳವೆಯ ಬಾಗಿನ ಅಡಿಭಾಗಕ್ಕೆ ಒತ್ತಿದರೆ ತೇವ! ಅಲ್ಲಿ ರಬ್ಬರು ಕೂದಲೆಳೆಯಷ್ಟು ಬಿರುಕುಬಿಟ್ಟಿದೆ. ಒಂದೊಂದಾಗಿ ಸಂಶಯಗಳನ್ನು ಕಳೆಯುತ್ತ ಬಂದುದರಿಂದ ಒಂದು ಕೊಳವೆಯ ಖರ್ಚಿನಲ್ಲಿ ಕೆಲಸ ಮುಗಿಯಿತು.

ರಬ್ಬರು ಬಿರುಕುಬಿಡಲು ವಯಸ್ಸು ಒಂದು ಕಾರಣ. ಇಂಧನದ ಬದಲಾವಣೆ ಇನ್ನೊಂದು. ಅಮೆರಿಕದಲ್ಲಿ ಇಂದು ಮಾರುವ ಪೆಟ್ರೋಲಿನ ಬಹುಪಾಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ನಮ್ಮ ದೇಶವು ಶೇಕಡಾ 20ರಷ್ಟು ಎಥನಾಲನ್ನು ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಿತು. ಎಥನಾಲಿಗಾಗಿ ತಯಾರಿಸದ ಹಳೆಯ ರಬ್ಬರು ಅದರಲ್ಲಿ ಊದಿ, ಮೆದುವಾಗಿ, ಕೊನೆಗೆ ಸೀಳುತ್ತದೆ. ಆದುದರಿಂದ ಹೊಸ ಕೊಳವೆಯು ಇಂದಿನ ಪೆಟ್ರೋಲಿಗೆ ತಕ್ಕುದಾಗಿರಬೇಕು. ರೇಡಿಯೇಟರಿನ ನೀರಿನ ಕೊಳವೆಯನ್ನು ಜೋಡಿಸುವುದೂ, ಸೋರುವ ಕಡೆ ಸಾಬೂನು ಮೆತ್ತುವುದೂ ದುರಸ್ತಿಯಲ್ಲ. ತೂತಾದ ಟ್ಯಾಂಕಿಗೆ ಮನೆಯಲ್ಲಿಯೋ ಬೀದಿಬದಿಯಲ್ಲಿಯೋ ಬೆಸುಗೆ ಹಾಕುವುದಂತೂ ಪ್ರಾಣಕ್ಕೆ ಎರವಾಗುವ ಕೆಲಸ. ಟ್ಯಾಂಕು ಖಾಲಿಯಾಗಿದೆಯೆಂಬ ಧೈರ್ಯ ಸಲ್ಲದು. ಖಾಲಿ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಸೇರಿ ಸಿಡಿಯುವ ಮಿಶ್ರಣವಾಗಿರಬಹುದು. ಈ ದೃಷ್ಟಿಯಿಂದ ಅದು ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ.

ಇಷ್ಟನ್ನೂ ಓದಿ, ದೂರದೇಶದ ಟ್ರಕ್ಕಿನ ಚಿಂತೆ ನಮಗೇಕೆ ಎಂದು ಕೇಳಬಹುದು. ನಮ್ಮ ಹಳೆಯ ಜೀಪು, ಅಂಬಾಸಡರ್ ಕಾರು, ಸ್ಕೂಟರುಗಳಲ್ಲಿಯೂ ಟ್ಯಾಂಕು, ಕೊಳವೆ, ಕಾರ್ಬ್ಯುರೇಟರುಗಳಿವೆ. ಅಲ್ಲಿಯೂ ಪೆಟ್ರೋಲು ಇದೇ ಸ್ವಭಾವದ್ದು. ವಾಹನದಲ್ಲಿ ಪೆಟ್ರೋಲಿನ ವಾಸನೆ ಬಂದರೆ ವಿದ್ಯಾರ್ಥಿಗಳು ಮಾಡಬೇಕಾದುದು ಇಷ್ಟೇ: ಕೂಡಲೇ ಹಿರಿಯರಿಗೆ ತಿಳಿಸಿ, ವಾಹನವನ್ನು ನಿಲ್ಲಿಸಿ ಇಳಿಯಲು ಹೇಳಬೇಕು, ದೂರ ಸರಿಯಬೇಕು, ಬೆಂಕಿಯನ್ನು ಹತ್ತಿರ ತರಲು ಯಾರಿಗೂ ಬಿಡಬಾರದು. ಬಿಚ್ಚುವ ಜೋಡಿಸುವ ಕೆಲಸ ತಿಳಿದವರಿಗೆ ಇರಲಿ. ದುರಸ್ತಿಯಾದ ಮೇಲೂ ಆ ಭಾಗವನ್ನು ಒರೆಸಿ ಒಣಗಿಸಿ, ಮರುದಿನ ಮತ್ತೊಮ್ಮೆ ನೋಡಿ, ತೇವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸೋರಿಕೆಗಿಂತ ಹೆಚ್ಚಿನ ಅಪಾಯವಿರುವುದು "ಹಳೆಯ ಗಾಡಿ, ಸ್ವಲ್ಪ ವಾಸನೆ ಇದ್ದದ್ದೇ" ಎಂಬ ಮಾತಿನಲ್ಲಿ. ಮೂಗು ಒಗ್ಗಿಕೊಳ್ಳುವುದು ದೇಹಧರ್ಮ. ಮನಸ್ಸೂ ಅದರೊಡನೆ ಒಗ್ಗಿಕೊಂಡರೆ ಎಚ್ಚರಿಸುವವರು ಯಾರೂ ಉಳಿಯುವುದಿಲ್ಲ. ಗುರುತು ಚಿಕ್ಕದಿರುವಾಗಲೇ ಕಾರಣವನ್ನು ಕೇಳುವವನು ದೊಡ್ಡ ಅನಾಹುತವನ್ನು ತಪ್ಪಿಸುತ್ತಾನೆ.

ಪದಗಳ ಅರ್ಥ

ಅನುಮಾನ ಪ್ರಮಾಣ - ಕಂಡ ಗುರುತಿನಿಂದ ಕಾಣದುದನ್ನು ತರ್ಕಿಸಿ ತಿಳಿಯುವ ವಿಧಾನ
ಗೋಚರ - ಇಂದ್ರಿಯಗಳಿಗೆ ತಿಳಿಯುವಂಥದು
ಕವಾಟ - ದ್ರವದ ಹರಿವನ್ನು ತೆರೆಯುವ, ಮುಚ್ಚುವ ಸಾಧನ
ಎರವಾಗು - ಕಳೆದುಹೋಗುವಂತಾಗು
ದೇಹಧರ್ಮ - ದೇಹದ ಸಹಜ ಗುಣ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪೆಟ್ರೋಲಿನ ಆವಿಯು ನೆಲವನ್ನು ಹಿಡಿದು ಹರಿಯುವುದೇಕೆ?
2. 1972ರವರೆಗಿನ ಷೆವ್ರೊಲೆ ಸಿ-10 ಟ್ರಕ್ಕಿನಲ್ಲಿ ಪೆಟ್ರೋಲು ಟ್ಯಾಂಕು ಎಲ್ಲಿತ್ತು?
3. ಎಂಜಿನ್ನಿನ ಎಣ್ಣೆಯ ಮಟ್ಟ ತಾನಾಗಿಯೇ ಏರಿದ್ದರೆ ಏನನ್ನು ಊಹಿಸಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. "ಯಾವಾಗ?" ಎಂಬ ಪ್ರಶ್ನೆಯನ್ನು ಮೊದಲು ಕೇಳುವುದರಿಂದ ಏನು ಪ್ರಯೋಜನ?
2. ಹನಿ ಬಿದ್ದ ಸ್ಥಳವೇ ಸೋರಿಕೆಯ ಸ್ಥಳವೆಂದು ಏಕೆ ನಂಬಬಾರದು?
3. ಟ್ರಕ್ಕಿನ ಒಡೆಯನು ಕಾರ್ಬ್ಯುರೇಟರಿನಲ್ಲಿ ದೋಷವಿಲ್ಲವೆಂದು ಹೇಗೆ ತೀರ್ಮಾನಿಸಿದನು?

ಇ) ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಚಿಕ್ಕ ಗುರುತೊಂದರಿಂದ ದೋಷವನ್ನು ಕಂಡುಹಿಡಿದ ಸಂದರ್ಭವನ್ನು ಕುರಿತು ಒಂದು ಪುಟ ಬರೆಯಿರಿ.