ರುಪೇ, ವೀಸಾ, ಮಾಸ್ಟರ್‌ಕಾರ್ಡ್: ಸಾಲ ಕೊಡೋದು ಯಾರು?

ಕಾರ್ಡಿನ ಮೂಲೆಯಲ್ಲಿರುವ ಹೆಸರು ನೋಡಿ ಬಡ್ಡಿ ಲೆಕ್ಕ ಹಾಕಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಅಮೆರಿಕದ ಕಂಪನಿಗಳು. ರುಪೇ ನಮ್ಮ ದೇಶದ್ದು, 2012ರಲ್ಲಿ ಶುರುವಾಯ್ತು. ಮೂರೂ ಹಣ ಸಾಗುವ ದಾರಿ ಅಷ್ಟೇ. ಸಾಲ, ಬಡ್ಡಿ, ದಂಡ ಎಲ್ಲ ಬ್ಯಾಂಕಿನದು.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಗೊಬ್ಬರದ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಉಳಿದೆರಡರಲ್ಲಿ ಆ ಅನುಕೂಲ ಇಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೂ ರುಪೇ ಅಂತಲೇ ಇರುತ್ತೆ, ಗೊಂದಲ ಆಗೋದು ಇಲ್ಲೇ. ಅದರಲ್ಲಿ 3 ಲಕ್ಷದವರೆಗಿನ ಬೆಳೆಸಾಲ ಸಕಾಲಕ್ಕೆ ಕಟ್ಟಿದರೆ ವರ್ಷಕ್ಕೆ ಶೇ. 4 ಬಡ್ಡಿ. ಮಾಮೂಲಿ ಕ್ರೆಡಿಟ್ ಕಾರ್ಡಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ; ಹಲವು ಬ್ಯಾಂಕುಗಳಲ್ಲಿ ತಿಂಗಳಿಗೇ ಶೇ. 3ಕ್ಕಿಂತ ಹೆಚ್ಚು! ಎಟಿಎಂಗೆ ಹಾಕುವ ಮುಂಚೆ ಕೈಲಿರೋದು ಯಾವ ಕಾರ್ಡು ಅಂತ ನೋಡ್ಕೊಳ್ಳಿ.