ಓಡುವ ಮೊದಲು ಒಮ್ಮೆ ಕೂತು ತೋರಿಸು

ಮಗಳೇ,

ಜಿಲ್ಲಾ ಖೋ ಖೋ ತಂಡಕ್ಕೆ ನೀನು ಆಯ್ಕೆಯಾದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ಆದ ಸಂತೋಷ ಹೇಳತೀರದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನ ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು ಅಂತ ಓದಿದಾಗಲೂ ಇಷ್ಟೇ ಖುಷಿಯಾಗಿತ್ತು. ಶಿಬಿರಕ್ಕೆ ಹೊರಡುವ ಮೊದಲು ಈ ದೊಡ್ಡಪ್ಪನದೊಂದು ಮಾತು ಕೇಳು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನ ಮಾತು ಅಂತಲಾದರೂ ಕೇಳು.

ನೀನು ಎಷ್ಟು ಜೋರಾಗಿ ಓಡುತ್ತೀ ಅಂತ ಎಲ್ಲರೂ ನೋಡುತ್ತಾರೆ, ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾರೆ. ಹೇಗೆ ಕೂರುತ್ತೀ, ಹೇಗೆ ಏಳುತ್ತೀ, ಹಾರಿದ ಮೇಲೆ ಹೇಗೆ ಇಳಿಯುತ್ತೀ ಅಂತ ನೋಡುವವರು ಕಡಿಮೆ. ತಿಳಿದವರ ಮುಂದೆ ಒಮ್ಮೆ ಅದನ್ನು ಮಾಡಿ ತೋರಿಸು.

ನಮ್ಮ ಆಟದ ರೀತಿಯೇ ಹಾಗಿದೆ. ಎಂಟು ಜನ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತೀರಿ. ಬೆನ್ನಿಗೆ ಕೈ ತಾಕಿ ‘ಖೋ’ ಅಂದ ಕೂಡಲೇ ಚಿಮ್ಮಬೇಕು. ಓಡುವ ಸರದಿ ಬಂದರೆ ಪೂರಾ ವೇಗದಲ್ಲಿದ್ದವಳು ತಟ್ಟನೆ ನಿಂತು ತಿರುಗಬೇಕು, ಕಂಬ ಸುತ್ತಬೇಕು. ಮಂಡಿಯೊಳಗೆ ಎಸಿಎಲ್ ಅಂತ ಒಂದು ಲಿಗಮೆಂಟ್ ಇದೆ. ಅದು ಹರಿಯುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಯಾರೂ ಬಂದು ಡಿಕ್ಕಿ ಹೊಡೆಯಬೇಕಾಗಿಲ್ಲ. ನಿಲ್ಲುವಾಗ, ತಿರುಗುವಾಗ, ಒಂಟಿಕಾಲಲ್ಲಿ ಇಳಿಯುವಾಗ ಹರಿಯುತ್ತದೆ. ಒಂದೇ ಆಟ ಆಡಿದರೂ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಜಾಸ್ತಿ.

ಮನೆಯಲ್ಲೇ ಶುರು ಮಾಡು. ಬರಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, ನಿಧಾನಕ್ಕೆ ಕುಕ್ಕರಗಾಲಿಗೆ ಬಾ. ಹಿಮ್ಮಡಿ ಮೇಲೇಳುತ್ತಾ? ಎದೆ ಮುಂದಕ್ಕೆ ಬೀಳುತ್ತಾ? ಮಂಡಿ ಒಳಕ್ಕೆ ವಾಲುತ್ತಾ? ಹಿಮ್ಮಡಿ ಎದ್ದರೆ ಹಲವು ಸಲ ಅದಕ್ಕೆ ಕಾರಣ ಬಿಗಿದುಕೊಂಡ ಕಾಲ್ಗಿಣ್ಣು. ಅದನ್ನು ಬೇರೆಯಾಗಿ ನೋಡಬಹುದು: ಗೋಡೆಗೆ ಎದುರಾಗಿ ಪಾದವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆ ಮುಟ್ಟು. ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತೆಗೆದುಕೊಳ್ಳುತ್ತ ಹೋಗು. ಇನ್ನು ಮುಟ್ಟಲಾರೆ ಅನ್ನುವಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಅಳೆ. ಸುಮಾರು 10 ಸೆಂಟಿಮೀಟರ್ ಬಂದರೆ ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ ಬಲಗಾಲಿಗೂ ಎಡಗಾಲಿಗೂ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೋ. ಹಿಂದೆಂದೋ ಉಳುಕಿ, ಎಣ್ಣೆ ತಿಕ್ಕಿ ಮರೆತ ಕಾಲು ಇಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಜಗಲಿಯಿಂದ ಧುಮುಕು, ಒಂದಡಿ ಎತ್ತರ ಸಾಕು. ತಮ್ಮನ ಕೈಗೆ ಫೋನ್ ಕೊಟ್ಟು ಎದುರಿನಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆಸು. ನೆಲಕ್ಕೆ ಕಾಲು ತಾಗಿದ ಆ ಗಳಿಗೆಯಲ್ಲಿ ನಿಲ್ಲಿಸಿ ನೋಡು: ಮಂಡಿ ಪಾದದ ನೇರಕ್ಕಿದೆಯೋ, ಒಂದಕ್ಕೊಂದು ಹತ್ತಿರ ಬಂದಿವೆಯೋ? ಮೆತ್ತಗೆ ಇಳಿದೆಯೋ, ದೊಪ್ಪೆಂದೆಯೋ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ ಹಾರಿ ಇಳಿದಾಗಲೆಲ್ಲ ಅವಳ ಎಡಮಂಡಿ ಒಳಕ್ಕೆ ವಾಲುತ್ತಿತ್ತು. ದಿನವೂ ನೋಡುತ್ತಿದ್ದೆ. ಅವಳ ಆಟದ ವರಸೆಯೇ ಹಾಗೆ ಅಂದುಕೊಂಡು ಬಿಟ್ಟೆ. ವಿಭಾಗ ಮಟ್ಟದ ಪಂದ್ಯದಲ್ಲಿ ಕಂಬ ಸುತ್ತುವಾಗ ಅದೇ ಕಾಲು ಹಿಡಿದು ಕೂತಳು. ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಮಂಡಿ ವಾಲಿದ್ದರಿಂದಲೇ ಹಾಗಾಯಿತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ಕಂಡೂ ಸುಮ್ಮನಿದ್ದೆನಲ್ಲ, ಅದು ಇವತ್ತಿಗೂ ಕೊರೆಯುತ್ತದೆ.

ಶಿಬಿರದಲ್ಲಿ ಫಿಸಿಯೋ ಇದ್ದರೆ ಎಫ್‌ಎಂಎಸ್ ಅನ್ನುವ ಪರೀಕ್ಷೆ ಮಾಡಿಸಿಯಾರು. ಅಮೆರಿಕದ ಗ್ರೇ ಕುಕ್, ಲೀ ಬರ್ಟನ್ ರೂಪಿಸಿದ್ದು. ಏಳು ಚಲನೆಗಳು, ಒಂದೊಂದಕ್ಕೆ 3 ಅಂಕ, ಒಟ್ಟು 21. ಅಲ್ಲಿನ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 14 ಅಥವಾ ಅದಕ್ಕಿಂತ ಕಡಿಮೆ ಅಂಕದವರಿಗೆ ದೊಡ್ಡ ಪೆಟ್ಟುಗಳು ಹೆಚ್ಚಾಗಿ ಕಂಡವು. ಅಲ್ಲಿಂದ ಆ ಹದಿನಾಲ್ಕು ಎಲ್ಲರ ಬಾಯಲ್ಲೂ ಓಡಾಡಿತು. ಮುಂದೆ ಬೇರೆ ಆಟಗಳವರ ಮೇಲೆ ನೋಡಿದಾಗ ಲೆಕ್ಕ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಯಾರಿಗೆ ಪೆಟ್ಟಾಗುತ್ತದೆ ಅಂತ ಇಂಥ ಪರೀಕ್ಷೆಗಳು ಮುಂಚೆಯೇ ಹೇಳಲಾರವು ಅಂತ ನಾರ್ವೆಯ ಕ್ರೀಡಾವೈದ್ಯ ರೋಲ್ ಬಾರ್ 2016ರಲ್ಲಿ ಬರೆದರು. ನನಗೂ ಅದೇ ಸರಿ ಅನಿಸುತ್ತದೆ. 13 ಬಂತು ಅಂತ ಹೆದರಬೇಡ, 18 ಬಂತು ಅಂತ ಬೀಗಬೇಡ. ಎಲ್ಲಿ ಬಿಗಿ, ಎಲ್ಲಿ ಬಲ ಸಾಲದು ಅಂತ ಕೇಳಿ ತಿಳಿದುಕೋ. ಆ ಪರೀಕ್ಷೆಯ ಒಂದು ನಿಯಮ ಮಾತ್ರ ನನಗೆ ಬಹಳ ಹಿಡಿಸಿದೆ: ಎಷ್ಟೇ ಚಂದವಾಗಿ ಮಾಡಿದರೂ, ಮಾಡುವಾಗ ನೋವು ಬಂದರೆ ಅದಕ್ಕೆ ಸೊನ್ನೆ.

ನೋಡಿ ತಿಳಿದದ್ದನ್ನು ದಿನದಿನದ ಅಭ್ಯಾಸಕ್ಕೆ ತರಬೇಕು. ಫುಟ್‌ಬಾಲ್‌ನವರು ‘11+’ ಅಂತ ಇಪ್ಪತ್ತು ನಿಮಿಷದ ವಾರ್ಮ್-ಅಪ್ ಮಾಡುತ್ತಾರೆ: ಒಂಟಿಕಾಲಲ್ಲಿ ನಿಲ್ಲುವುದು, ಪ್ಲ್ಯಾಂಕ್, ಮಂಡಿ ನೇರವಿಟ್ಟು ಹಾರಿ ಇಳಿಯುವುದು, ಹೀಗೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆದು 2008ರಲ್ಲಿ ಹೊರಬಂದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ ಒಟ್ಟಾರೆ ಪೆಟ್ಟುಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ನಿನ್ನದೇ ವಯಸ್ಸಿನ ಮಕ್ಕಳು ಅವರು. ನಮ್ಮಲ್ಲಿ ಎರಡು ಸುತ್ತು ಓಡಿ, ನಾಲ್ಕು ಸಲ ಕೈ ಬೀಸಿ ಆಟಕ್ಕೆ ಇಳಿಯುವ ರೂಢಿ ಇನ್ನೂ ಹೋಗಿಲ್ಲ. ಅದು ಸಾಲದು.

ಇನ್ನೊಂದು. ಮಂಡಿ ಊದಿದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿ ಮುಚ್ಚಿಡಬೇಡ. ತಂಡದಿಂದ ತೆಗೆದುಬಿಡುತ್ತಾರೆ ಅನ್ನುವ ಭಯ ನನಗೆ ಗೊತ್ತು, ತುಂಬ ಮಕ್ಕಳ ಮುಖದಲ್ಲಿ ಕಂಡಿದ್ದೇನೆ. ಆದರೂ ತರಬೇತುದಾರರಿಗೆ ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ನನಗೆ ಫೋನ್ ಮಾಡು.

ಶಿಬಿರಕ್ಕೆ ಇನ್ನೂ ಮೂರು ವಾರ ಇದೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಬಾ, ತಮ್ಮನನ್ನೂ ಕರೆದುಕೊಂಡು ಬಾ. ಅಂಗಳದಲ್ಲಿ ಗೆರೆ ಎಳೆದಿಟ್ಟಿರುತ್ತೇನೆ.