ಲಿಲ್ಲಿ ಹೆಚ್ಚುವುದು ಎಲೆಯಿಂದ

ಮಲೆನಾಡಿನ ಅಂಗಳಗಳಲ್ಲಿ ನಾವು ಲಿಲ್ಲಿ ಎಂದು ಕರೆಯುವುದು ಹೆಚ್ಚಾಗಿ ಹಿಪ್ಪಿಯಾಸ್ಟ್ರಮ್ ಹೂವನ್ನು. ದಕ್ಷಿಣ ಅಮೆರಿಕ ಮೂಲದ್ದು. ಏಪ್ರಿಲ್ ಬಿಸಿಲಿಗೆ ಮಣ್ಣಿನಿಂದ ದಪ್ಪ ದಂಟು ಎದ್ದು, ತುದಿಯಲ್ಲಿ ಕೆಂಪು ಹೂಗಳು ಅರಳಿದಾಗ ಬಂದವರೆಲ್ಲ ಗಡ್ಡೆ ಕೇಳುತ್ತಾರೆ. ಹೂ ಮುಗಿದ ಮೇಲೆ ಆ ಗಿಡದ ಕಡೆ ತಿರುಗಿ ನೋಡುವವರು ಕಡಿಮೆ. ನನಗೆ ಕೆಲಸ ಶುರುವಾಗುವುದೇ ಆಗ. ಇಷ್ಟು ವರ್ಷ ಲಿಲ್ಲಿ ಬೆಳೆಸಿ ನನಗೆ ಖಚಿತವಾದದ್ದು, ಗಡ್ಡೆ ಹೆಚ್ಚುವುದು ಎಲೆಯ ದುಡಿಮೆಯಿಂದ.

ಗಡ್ಡೆಯನ್ನು ಕೊಯ್ದು ನೋಡಿದರೆ ಈರುಳ್ಳಿಯಲ್ಲಿದ್ದಂತೆ ಪದರಗಳಿರುತ್ತವೆ. ಒಂದೊಂದು ಪದರವೂ ಒಂದೊಂದು ಎಲೆಯ ಬುಡ. ಸುಮಾರು ನಾಲ್ಕು ಎಲೆ ಹುಟ್ಟಿದ ಮೇಲೆ ಒಳಗೊಂದು ಮೊಗ್ಗು ಕೂರುತ್ತದೆ. ಹಾಗಾಗಿ ಹೂ ಬಾಡಿದಾಗ ದಂಟನ್ನಷ್ಟೇ ಕೊಯ್ಯುತ್ತೇನೆ, ಎಲೆ ತಾನಾಗಿ ಹಳದಿಯಾಗುವ ತನಕ ಮುಟ್ಟುವುದಿಲ್ಲ. ಅಂಗಳ ಚೊಕ್ಕವಾಗಿ ಕಾಣಲೆಂದು ಹಸಿರೆಲೆ ಕತ್ತರಿಸುವವರನ್ನು ಕಂಡರೆ ನನಗೆ ಸಂಕಟ.

ಮಳೆಗಾಲದಲ್ಲಿ ಈ ಎಲೆಗಳನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಕಪ್ಪು ಮೈಯ, ಕೆಂಪು ಬಿಳಿ ಚುಕ್ಕೆಗಳ ಲಿಲ್ಲಿ ಹುಳು ಹಿಂಡಾಗಿ ಬಂದರೆ ನೋಡುನೋಡುತ್ತಿದ್ದಂತೆ ಎಲೆ ಬರಿದಾಗುತ್ತದೆ. ಬೆಳಿಗ್ಗೆ ಎಲೆಯ ಅಡಿಭಾಗ ತಿರುವಿ ನೋಡಿ, ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕುವುದು ನನ್ನ ರೂಢಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಮರಳು, ಸೊಪ್ಪಿನ ಗೊಬ್ಬರ ಬೆರೆಸಿದ ಏರುಮಡಿಯಲ್ಲಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಡಬೇಕು.

ಮರಿಗಡ್ಡೆ ಬಿಡಿಸಲು ಚಳಿಗಾಲವೇ ಸರಿ, ಗಿಡ ಸೊರಗಿ ವಿಶ್ರಾಂತಿಯಲ್ಲಿರುವಾಗ. ಮರಿಗೆ ತನ್ನದೇ ಬೇರು ಬಂದಿದ್ದರೆ ಮಾತ್ರ ಬೇರ್ಪಡಿಸಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ತಾಯಿಯ ಮಗ್ಗುಲಲ್ಲೇ ಇರಲಿ. ಕೆಲವು ಗಡ್ಡೆಗಳು ಎಷ್ಟು ಕಾದರೂ ಮರಿ ಹಾಕುವುದಿಲ್ಲ. ಅಂಥದ್ದನ್ನು ಮೇಲಿಂದ ಕೆಳಕ್ಕೆ ಎಂಟು ಹೋಳಾಗಿ ಸೀಳಬಹುದು. ಬೇರು ಹೊರಡುವ ಬುಡದ ಗಟ್ಟಿ ಭಾಗ ಪ್ರತಿ ಹೋಳಿನಲ್ಲೂ ಸ್ವಲ್ಪ ಇರಲೇಬೇಕು. ಗಾಯ ಒಣಗಿಸಿ, ಹಸಿ ಮರಳಿನಲ್ಲಿ ನೆರಳಿಗಿಟ್ಟರೆ ಎರಡು ಮೂರು ತಿಂಗಳಲ್ಲಿ ಪದರಗಳ ಸಂದಿಯಿಂದ ಪುಟ್ಟ ಬಿಳಿ ಗಡ್ಡೆಗಳು ಮೂಡುತ್ತವೆ.

ಬೇಲಿಗೆ ಹಬ್ಬುವ ಗೌರಿಹೂವಿಗೆ ಈ ಉಪಾಯ ನಡೆಯದು. ನೇಗಿಲಿನ ಆಕಾರದ ಅದರ ಗಡ್ಡೆಗೆ ಕಣ್ಣಿರುವುದು ತುದಿಯಲ್ಲಷ್ಟೇ. ಅಗೆಯುವಾಗ ಆ ತುದಿ ಮುರಿದರೆ ಮೊಳಕೆಯಿಲ್ಲ. ಗಡ್ಡೆ ಪ್ರಾಣ ತೆಗೆಯುವಷ್ಟು ವಿಷ, ಮಕ್ಕಳ ಕೈಗೆ ಸಿಗಬಾರದು.

ನನಗೆ ತುಂಬಾ ಇಷ್ಟವಾದದ್ದು ಹಿಪ್ಪಿಯಾಸ್ಟ್ರಮ್ಮನ್ನು ಬೀಜದಿಂದ ಎಬ್ಬಿಸುವುದು. ಮರಿಗಡ್ಡೆ ತಾಯಿಯ ಪಡಿಯಚ್ಚು. ಬೀಜದ ಗಿಡ ಯಾವ ಬಣ್ಣ ತರುತ್ತದೋ ಹೇಳಲಾಗದು. 1799ರ ಸುಮಾರಿಗೆ ಇಂಗ್ಲೆಂಡಿನ ಗಡಿಯಾರ ತಯಾರಕ ಆರ್ಥರ್ ಜಾನ್ಸನ್ ಎರಡು ಜಾತಿಗಳನ್ನು ಕೂಡಿಸಿ, ಕೆಂಪು ದಳದ ನಡುವೆ ಬಿಳಿ ಗೀರಿರುವ ಲಿಲ್ಲಿ ಪಡೆದದ್ದೂ ಹೀಗೆಯೇ. ಒಂದು ಹೂವಿನ ಪರಾಗವನ್ನು ಬೆರಳಲ್ಲಿ ತೆಗೆದು ಇನ್ನೊಂದರ ಶಲಾಕೆಯ ತುದಿಗೆ ಸವರಬೇಕು. ಆ ತುದಿ ಮೂರು ಕವಲಾಗಿ ಬಿರಿದಿರಬೇಕು, ಅಲ್ಲಿಯವರೆಗೆ ಕಾಯಬೇಕು. ಸುಮಾರು ಒಂದೂವರೆ ತಿಂಗಳಿಗೆ ಕಾಯಿ ಒಡೆದು ಕಾಗದದಷ್ಟು ತೆಳುವಾದ ಕಪ್ಪು ಬೀಜಗಳು ಸಿಗುತ್ತವೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಮಡಿಗೆ ಹಾಕಿದರೆ ಕೊಚ್ಚಿ ಹೋಗುತ್ತವೆಂದು ನಾನು ಜಗಲಿಯ ಮೇಲೆ ಬೋಗುಣಿ ನೀರಿನಲ್ಲಿ ತೇಲಬಿಡುತ್ತೇನೆ. ಬೇರು ಇಳಿದ ಮೇಲೆ ಕುಂಡಕ್ಕೆ. ಹೂ ಕಾಣಲು ಮೂರು ವರ್ಷವಾದರೂ ಬೇಕು. ಈ ಬೀಜಕ್ಕೆ ಬಾಳಿಕೆ ಇಲ್ಲ, ಹಾಗಾಗಿ ಕೇಳಿದವರಿಗೆ ಕಾಯಿ ಒಡೆದ ವಾರದಲ್ಲೇ ಹಂಚಿಬಿಡುತ್ತೇನೆ.